ಗಿರಾಕಿ ನಿಲ್ಲದ ಮನೆ

"ಗುರುಗಳ, ಗಂಡನಿಂದ ಬಿಡುಗಡಿ ಸಿಕ್ತು, ಆ ಮನಿಯಿಂದ ಸಿಗವಲ್ದು. ಮನಿ ನೋಡಾಕ ಬಂದವರೆಲ್ಲ ಒಲ್ಲೆ ಅಂತಾರ. ಅದು ಮಾರಾಟ ಆಗೋತನಕ ನಾನು ಹೊಸ ಬದುಕು ಹೆಂಗ ಹೂಡಲಿ?" ಎಂದು ಮಹಾಂತವ್ವ ಕೇಳಿದಳು. ಅಷ್ಟಕ್ಕೇ ಬಿಡಲಿಲ್ಲ. ಗಂಡ ಆಡಿದ ಮಾತು, ಅತ್ತೆ ಹೂಡಿದ ಆಟ, ಹಿರಿಯರು ಕಣ್ಣು ಮುಚ್ಚಿಕೊಂಡದ್ದು, ಎಲ್ಲವನ್ನೂ ಹೇಳಿದಳು. ಗುರುಗಳು ಪೂರ್ತಿ ಕೇಳಿಸಿಕೊಂಡು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನೇಯ್ಗೆಯವಳಿದ್ದಳು. ದೊಡ್ಡ ರಂಪವಾಗಿ ಗಂಡ ಹೆಂಡತಿ ಬೇರೆಯಾದರು. ಮನೆ ಮಾರಿ ಸಮನಾಗಿ ಹಂಚಿಕೊಳ್ಳಿರೆಂದು ಹಿರಿಯರು ತೀರ್ಮಾನಿಸಿದರು. ಮಗ್ಗ ಗಂಡನ ಪಾಲಿಗೆ ಹೋಗಿತ್ತು. ಮನೆ ಮಾರಿಹೋದರೆ ಇವಳಿಗೆ ತನ್ನದೇ ಒಂದು ಮಗ್ಗ, ಇಲ್ಲವಾದರೆ ಕಂಡವರ ಮಗ್ಗದಲ್ಲಿ ಕೂಲಿ.

ಆಕೆ ಮಾತಿನಲ್ಲಿ ಗಟ್ಟಿಗಿತ್ತಿ. ಬಂದವರಿಗೆ ತಾನೇ ಮನೆ ತೋರಿಸುತ್ತಿದ್ದಳು. ಈ ಹೊಸ್ತಿಲ ಮೇಲೇ ನಿಲ್ಲಿಸಿ ಬೈದ, ಈ ಒಲೆಯ ಮುಂದೇ ಅನ್ನದ ತಾಟು ಒಗೆದ ಎಂದು ಒಂದನ್ನೂ ಬಿಡದೆ ವಿವರಿಸುತ್ತಿದ್ದಳು. ಬಂದವರು ಅಯ್ಯೋ ಪಾಪ ಎನ್ನುತ್ತಿದ್ದರು, ನೀರು ಕುಡಿಯುತ್ತಿದ್ದರು, ಮತ್ತೆ ಆ ಬೀದಿಗೆ ತಲೆ ಹಾಕುತ್ತಿರಲಿಲ್ಲ. ಒಬ್ಬ ವ್ಯಾಪಾರಿಯಂತೂ ನಡುಮನೆ ದಾಟುವ ಮೊದಲೇ ಕಣ್ಣೊರೆಸಿಕೊಂಡು ಹೊರಟುಹೋದ. ಗಂಡನಾಗಿದ್ದವನೇ ಎಲ್ಲರ ಕಿವಿಯೂದಿರಬೇಕೆಂದು ಆಕೆ ಅಂದುಕೊಂಡಳು. ಮುಂದಿನ ಗಿರಾಕಿಗೆ ಅದನ್ನೂ ಸೇರಿಸಿ ಹೇಳಿದಳು.

ಆಮೇಲೆ ಒಬ್ಬ ಕುಂಬಾರ ಬಂದ. ಆಕೆ ಅವನನ್ನು ಹಿತ್ತಲಿಗೆ ಕರೆದೊಯ್ದು, "ಇಲ್ಲೇ ನೋಡಪಾ, ನನ್ನ ಸೀರಿ ಗಂಟು ಹೊರಗ ಒಗೆದದ್ದು" ಎಂದು ಶುರು ಮಾಡಿದಳು.

"ಇರಲಿ ಬಿಡವ್ವಾ, ನನ್ನ ಗಡಿಗಿ ಒಣಗಬೇಕು. ಇಲ್ಲಿ ಬಿಸಲು ಎಷ್ಟೊತ್ತು ಇರತದ?"

ಆಕೆಗೆ ಸಿಟ್ಟು ಬಂತು. ಆದರೂ ಹಿತ್ತಲ ನಡುವೆ ಹೋಗಿ ನಿಂತು ಸುತ್ತ ನೋಡಿದಳು. ಹಿತ್ತಲು ವಿಶಾಲವಾಗಿತ್ತು. ಬಿಸಿಲಿಗೆ ಅಡ್ಡವಾಗಿ ಗೋಡೆಯಿರಲಿಲ್ಲ, ಮರವಿರಲಿಲ್ಲ.

"ಮುಂಜಾನಿಂದ ಹೊತ್ತು ಇಳಿಯೋತನಕ ಇರತದ" ಎಂದಳು. ತನ್ನ ಮನೆಯ ಬಗ್ಗೆ ಆಡಿದ ಆ ಮಾತು ಆಕೆಗೇ ಹಿತವೆನಿಸಿತು. ಬಾವಿ ಹತ್ತಿರವೆಂದಳು, ಮಾಳಿಗೆ ಗಟ್ಟಿಯೆಂದಳು. ಸಂಜೆಯೊಳಗೆ ವ್ಯಾಪಾರ ಕುದುರಿತು. ಕೆಲವೇ ದಿನಗಳಲ್ಲಿ ಆಕೆ ತನ್ನದೇ ಮಗ್ಗದ ಮುಂದೆ ಕುಳಿತಿದ್ದಳು.

ಕತೆ ಮುಗಿದರೂ ಮಹಾಂತವ್ವನಿಗೆ ಸಮಾಧಾನವಾಗಲಿಲ್ಲ. "ಹಂಗಾರ ಆಕಿಗೆ ಆದ ಅನ್ಯಾಯ ಸುಳ್ಳೇನು?" ಎಂದಳು.

"ಸುಳ್ಳಲ್ಲ ತಂಗಿ, ಎಲ್ಲಾ ಖರೆ, ಆದರ ನೀ ಇಷ್ಟೊತ್ತು ಮಾತಾಡಿದಿ, ನಿನ್ನ ಮನ್ಯಾಗ ಖೋಲಿ ಎಷ್ಟವ ಅನ್ನೋದು ಮಾತ್ರ ಹೇಳಲಿಲ್ಲ" ಎಂದರು ಗುರುಗಳು.