ಗಿರಣಿಯವರೆಗೆ ಬಂದವನು

ಶಿಷ್ಯನೊಬ್ಬ ಗುರುಗಳಲ್ಲಿಗೆ ಬಂದು ಕೇಳಿದ: "ಗುರುಗಳೇ, ಪೇಟೆಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಗುಂಪು ಸೇರಿಸಿ ಪಾಠ ಮಾಡುವುದಿಲ್ಲ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೇಳಿಕೊಡುತ್ತೇನೆ. ಈಗ ಬಾಗಿಲಿಗೆ ಬೋರ್ಡು ಬರೆಸಬೇಕು. ಟ್ಯೂಟರ್ ಎಂದರೆ ಸಣ್ಣದಾಯಿತು ಅನ್ನಿಸುತ್ತದೆ. ಕೋಚ್ ಎಂದರೆ ಆಟದ ಮೈದಾನ ನೆನಪಾಗುತ್ತದೆ. ಮೆಂಟರ್ ಎಂದರೆ ತೂಕ ಬರುತ್ತದೆ ಎನ್ನುತ್ತಾರೆ. ಈ ಮೂರಕ್ಕೂ ವ್ಯತ್ಯಾಸವೇನು? ನಾನು ಇವುಗಳಲ್ಲಿ ಯಾವುದು?"

ಗುರುಗಳ ಮುಖ ಬಿಗಿಯಿತು. "ಆ ವ್ಯತ್ಯಾಸವನ್ನು ಚೆನ್ನಾಗಿ ಬಲ್ಲ ಮೂವರು ಒಂದು ಊರಿನಲ್ಲಿದ್ದರು. ಕೇಳು" ಎಂದು ಹೇಳತೊಡಗಿದರು.

ಆ ಊರಿನಲ್ಲಿ ತುಳಜವ್ವ ಎಂಬ ಹೆಂಗಸಿದ್ದಳು. ಗಂಡ ತೀರಿಹೋಗಿದ್ದ. ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಟ್ಟು ಬದುಕುತ್ತಿದ್ದಳು. ನಲವತ್ತೆರಡನೆಯ ವಯಸ್ಸಿಗೆ ಅವಳ ಎರಡೂ ಕಣ್ಣು ಹೋದವು. ರೊಟ್ಟಿ ಬಡಿಯಲು ಕಣ್ಣು ಬೇಕಾಗಲಿಲ್ಲ, ಕೈಗೆ ಎಲ್ಲ ಗೊತ್ತಿತ್ತು. ಆದರೆ ಜೋಳ ಬೀಸಿಸಲು ಗಿರಣಿಗೆ ಹೋಗಬೇಕು. ಗಿರಣಿ ಎರಡು ಓಣಿ ಆಚೆಗಿತ್ತು. ನಡುವೆ ಲಾರಿ ಓಡಾಡುವ ರಸ್ತೆ.

ಅವಳ ಅಣ್ಣ ಬೇರೆ ಊರಿನಿಂದ ಬಂದು ಹೇಳಿದ: "ಯುಗಾದಿ ತನಕ ನೋಡ್ತೀನಿ. ಅಷ್ಟರಾಗ ಒಬ್ಬಾಕೀನ ಗಿರಣಿಗೆ ಹೋಗಿ ಬರೂದು ಆಗಲಿಲ್ಲಂದ್ರ, ಮನಿಗೆ ಬೀಗ ಹಾಕಿ ನನ್ನ ಜೋಡಿ ನಡಿ." ಅಣ್ಣ ಕೆಟ್ಟವನಲ್ಲ. ಅವನ ಮನೆಯಲ್ಲಿ ಅವಳ ಊಟಕ್ಕೇನೂ ಕೊರತೆ ಆಗುತ್ತಿರಲಿಲ್ಲ. ಆದರೆ ಯಾರಾದರೂ ತಟ್ಟೆ ತಂದಿಡುವವರೆಗೆ ಕಾದು ಕೂರಬೇಕಿತ್ತು. ಅದಕ್ಕೆ ಅವಳ ಮನಸ್ಸು ಒಪ್ಪಲಿಲ್ಲ.

ಊರಿನಲ್ಲಿ ಇಂಥವರಿಗೆ ನೆರವಾಗುವ ಸಂಸ್ಥೆಯೊಂದಿತ್ತು. ತುಳಜವ್ವ ಅಲ್ಲಿಗೆ ಅರ್ಜಿ ಕೊಟ್ಟಳು. ಮೊದಲು ಟ್ಯೂಟರ್ ಬಂದ. ಅವಳ ಹಗ್ಗದ ಹೊರಸಿನ ಮೇಲೆ ಕೂತು, ಬಿಳಿ ಕೋಲು ಎಷ್ಟು ಉದ್ದವಿರಬೇಕು, ಹೇಗೆ ಹಿಡಿಯಬೇಕು ಎಂದು ಮೂರು ದಿನ ವಿವರಿಸಿದ. ಆಮೇಲೆ ಕೋಚ್ ಬಂದ. ಮನೆ ಮುಂದಿನ ಕಟ್ಟೆಯ ಮೇಲೆ ನಿಂತು 'ಎಡಕ್ಕೆ, ಬಲಕ್ಕೆ' ಎಂದು ಕೂಗಿದ. ಅವಳು ಗಟಾರದ ಕಲ್ಲಿಗೆ ಎಡವಿ ಮೊಣಕಾಲು ಒಡೆದುಕೊಂಡಳು. ಅವನು 'ಅಭ್ಯಾಸ ಸಾಲದು' ಎಂದು ಬರೆದುಕೊಂಡು ಹೋದ. ಮೆಂಟರ್ ಒಬ್ಬ ಹೆಣ್ಣುಮಗಳು. ತಾನು ಕಷ್ಟದಿಂದ ಮೇಲೆ ಬಂದ ಕತೆ ಹೇಳುತ್ತ ಹೇಳುತ್ತ ತಾನೇ ಅತ್ತಳು. ತುಳಜವ್ವ ತಡಕಾಡಿ ಎದ್ದು ಅವಳಿಗೆ ನೀರು ತಂದುಕೊಟ್ಟಳು.

ಯುಗಾದಿಗೆ ಎರಡು ತಿಂಗಳು ಉಳಿದಿತ್ತು. ಮೂವರೂ ಒಟ್ಟಿಗೆ ಬಂದರು. ವರದಿ ಬರೆಯಬೇಕಿತ್ತು. ಇವಳು ಇನ್ನೂ ಓಣಿ ದಾಟಿಲ್ಲ, ಇದು ಯಾರ ಪಾಲಿನ ಕೆಲಸ? ತಿಳಿಸುವುದಷ್ಟೇ ನನ್ನದು ಎಂದ ಟ್ಯೂಟರ್. ತಿಳಿದದ್ದನ್ನು ಮಾಡಿಸುವುದು ನನ್ನದು, ಇವಳಿಗೆ ತಿಳಿದೇ ಇಲ್ಲವಲ್ಲ ಎಂದ ಕೋಚ್. ನನ್ನದು ಇಡೀ ಬದುಕಿನ ದಿಕ್ಕು, ಒಂದು ಗಿರಣಿಯ ದಾರಿಯಲ್ಲ ಎಂದಳು ಮೆಂಟರ್. ಮೊಬೈಲಿನಲ್ಲಿ ನಿಘಂಟು ತೆಗೆದು ಓದಿದರು. ವಾದ ಅರ್ಧ ಗಂಟೆ ನಡೆಯಿತು.

ತುಳಜವ್ವ ಜೋಳದ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಳು. "ನಿಮ್ಮೊಳಗ ಯಾರಾದ್ರೂ ಒಬ್ರು ಗಿರಣಿ ತನಕ ನನ್ನ ಜೋಡಿ ಬರ್ತೀರೇನ್ರಿ?" ಎಂದು ಕೇಳಿದಳು.

"ಅದಕ್ಕ ಗೈಡ್ ಅಂತ ಬ್ಯಾರೆ ಹುದ್ದೆ ಐತ್ರಿ. ಸದ್ಯಕ್ಕ ಖಾಲಿ ಐತಿ" ಎಂದ ಟ್ಯೂಟರ್.

ಅವಳು ಎದ್ದು ನಿಂತಳು. "ಇಷ್ಟೂ ಹೆಸರಿನಾಗ ಕಾಲು ಇರೂದು ಯಾವ ಹೆಸರಿಗೆ? ಏಳ್ರಿ, ನನ್ನ ಹೊರಸು ಬಿಟ್ಟು ಏಳ್ರಿ!"

ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಒಬ್ಬಳೇ ಹೊರಬಿದ್ದಳು. ನಡುರಸ್ತೆಯಲ್ಲಿ ಲಾರಿಯ ಹಾರ್ನ್ ಕೇಳಿ ದಿಕ್ಕು ತಪ್ಪಿ ಕುಸಿದು ಕೂತಳು. ಜೋಳ ಚೆಲ್ಲಿತು. ಮೂವರೂ ಕಟ್ಟೆಯ ಮೇಲಿಂದ ನೋಡಿದರು. ಕೆಳಗೆ ಇಳಿಯಲಿಲ್ಲ.

ಮೂಟೆ ಹೊತ್ತು ಬರುತ್ತಿದ್ದ ಹಮಾಲನೊಬ್ಬ ಅದನ್ನು ಅಲ್ಲೇ ಇಳಿಸಿ ಲಾರಿಗೆ ಅಡ್ಡ ನಿಂತ. ಅವನ ಹೆಸರು ದಾವಲಸಾಬ. ಜೋಳ ಬಳಿದು ಬುಟ್ಟಿಗೆ ತುಂಬಿದ. "ಅವ್ವಾ, ನಿನ್ನ ಕೈ ನಾ ಹಿಡಿಯಾಂಗಿಲ್ಲ. ನೀನ ನನ್ನ ಮೊಣಕೈ ಹಿಡಿ. ಬ್ಯಾಡನ್ನಿಸಿದಾಗ ಬಿಡು" ಎಂದ.

ಬೆನ್ನ ಮೇಲೆ ಮೂಟೆ ಇದ್ದಾಗ ಹಮಾಲನ ತಲೆ ಬಾಗಿರುತ್ತದೆ. ಎದುರಿನದು ಅವನಿಗೆ ಸರಿಯಾಗಿ ಕಾಣುವುದಿಲ್ಲ. ಇಪ್ಪತ್ತು ವರ್ಷ ಗಿರಣಿಗೆ ಮೂಟೆ ಹೊತ್ತು ಅವನು ಆ ದಾರಿಯನ್ನು ಕಾಲಿನಿಂದಲೇ ಓದಿದ್ದ. ಇಳಿಜಾರು ಎಲ್ಲಿ ಶುರುವಾಗುತ್ತದೆ, ಗಟಾರದ ಹಾಸುಗಲ್ಲು ಎಲ್ಲಿ ಅಲುಗಾಡುತ್ತದೆ, ಗಿರಣಿಯ ಸದ್ದು ಯಾವ ತಿರುವಿನಲ್ಲಿ ಬಲಗಿವಿಗೆ ಬರುತ್ತದೆ ಎಂದು ಅವಳಿಗೆ ಹೇಳಿದ. ದಿನವೂ ಜೊತೆಗೆ ಬಂದು, ರಸ್ತೆಯ ಅಂಚಿನಲ್ಲಿ ನಿಂತು ಲಾರಿಯ ಸದ್ದು ಪೂರ್ತಿ ಅಡಗುವವರೆಗೆ ಕಾಯುವುದನ್ನು ಕಲಿಸಿದ. ಮೊದಮೊದಲು ಅವಳು ಮೊಣಕೈ ಬಿಡಲಿಲ್ಲ. ಒಂದು ದಿನ ತಾನಾಗಿ ಬಿಟ್ಟಳು. ಆಮೇಲೆ ಅವನು ಒಂದು ಹೆಜ್ಜೆ ಹಿಂದೆ ನಡೆದ, ಆಮೇಲೆ ಹತ್ತು ಹೆಜ್ಜೆ. ಒಂದು ಮುಂಜಾನೆ ಅವಳು ಗಿರಣಿಯ ಬಾಗಿಲಲ್ಲಿ ನಿಂತು, ಹಿಂದಿದ್ದಾನೆಂದುಕೊಂಡ ದಾವಲಸಾಬನಿಗೆ "ಬಂದ್ವಿ ನೋಡಣ್ಣಾ" ಎಂದಳು. "ಹಿಂದ ಯಾರೂ ಇಲ್ಲಲ್ಲ" ಎಂದ ಗಿರಣಿಯವನು. ದಾವಲಸಾಬ ಅಂದು ಬಂದೇ ಇರಲಿಲ್ಲ. ತುಳಜವ್ವ ಗಿರಣಿಯವನ ಎದುರಿಗೇ ಅತ್ತಳು, ನಕ್ಕಳು.

ಯುಗಾದಿಗೆ ಅಣ್ಣ ಬಂದಾಗ ಬಾಗಿಲಿಗೆ ಬೀಗವಿತ್ತು. ಕಟ್ಟೆಯ ಮೇಲೆ ಕಾದ. ತಂಗಿ ಬಿಸಿ ಹಿಟ್ಟಿನ ಬುಟ್ಟಿ ಹೊತ್ತು ಓಣಿ ತಿರುಗಿ ಬಂದಳು. ಅವನು ರೊಟ್ಟಿ ತಿಂದು ಒಬ್ಬನೇ ಊರಿಗೆ ಮರಳಿದ.

ಕತೆ ಇಲ್ಲಿಗೆ ಮುಗಿದಿದ್ದರೆ ನನಗೆ ಸಿಟ್ಟಿರುತ್ತಿರಲಿಲ್ಲ ಎಂದು ಗುರುಗಳು ಮುಂದುವರಿಸಿದರು. ಸಂಸ್ಥೆಯವರು ಸುದ್ದಿ ಕೇಳಿ ಓಡಿ ಬಂದರು. ಅವಳ ಫೋಟೋ ತೆಗೆದರು. ದಾವಲಸಾಬನನ್ನು ಕರೆದು "ನೀನು ಯಾರು?" ಎಂದು ಕೇಳಿದರು. "ಹಮಾಲ ರೀ" ಎಂದ. ಅವರ ಫಾರಮ್ಮಿನಲ್ಲಿ ಆ ಹೆಸರಿಗೆ ಜಾಗವಿರಲಿಲ್ಲ. ಸಭೆ ನಡೆಯಿತು. ಅವಳ ಜೊತೆ ಹತ್ತು ಹೆಜ್ಜೆ ಇಡದ ಮೂವರೂ, ನಾಚಿಕೆಯಿಲ್ಲದೆ, ಕೊರಳು ಚಾಚಿ ಹಾರ ಹಾಕಿಸಿಕೊಂಡರು! ದಾವಲಸಾಬ ಆ ಹೊತ್ತಿನಲ್ಲಿ ಗಿರಣಿಗೆ ಮೂಟೆ ಹೊರುತ್ತಿದ್ದ.

ಗುರುಗಳು ಕತೆ ಮುಗಿಸಿದರು. ಶಿಷ್ಯ, "ಹಾಗಾದರೆ ಬೋರ್ಡಿನ ಮೇಲೆ ಏನು ಬರೆಸಲಿ?" ಎಂದ.

"ನಿನ್ನ ಹತ್ತಿರ ಬಂದವರಲ್ಲಿ ಯಾರು ಇವತ್ತು ನೀನಿಲ್ಲದೆ ನಡೆಯುತ್ತಿದ್ದಾರೆ, ಮೊದಲು ಅದನ್ನು ಹೇಳು" ಎಂದರು ಗುರುಗಳು.

ಶಿಷ್ಯ ಎಣಿಸಲು ಬೆರಳೆತ್ತಿದ. ಒಂದನ್ನೂ ಮಡಚದೆ ಕೈ ಇಳಿಸಿದ.