ಉಸಿರು ಬಿಡಬ್ಯಾಡ ಅಂದ್ರು

ಕೇಳ್ರಪಾ, ಹುಬ್ಬಳ್ಳ್ಯಾಗ ಹೊಳೆವ್ವ ಅಂತ ಒಬ್ಬಾಕಿ ಇದ್ಲು. ಆಕಿಗೆ ಯಮನೂರಿ ಅಂತ ಒಬ್ಬನೇ ಮಗ. ಮೂವತ್ತು ವರ್ಷದಾಂವ. ಮೈ ಎತ್ತಿನಂಗ, ಮನಸು ಹಾಲಿನಂಗ. ಬುದ್ಧಿ ಮಾತ್ರ ಹೇಳಿದಷ್ಟಕ್ಕ!

ಹೊಳೆವ್ವಗ ಇದ್ದದ್ದು ಒಂದ ಆಸೆ. ಯಾರರ ಒಬ್ಬರು ಬಾಗಿಲಿಗೆ ಬಂದು, "ಹೊಳೆವ್ವಾ, ನಿನ್ನ ಮಗಾ ಇವತ್ತ ಬರೋಬ್ಬರಿ ಕೆಲಸಾ ಮಾಡಿದಾ" ಅನಬೇಕು. ಅಷ್ಟ. ಆ ಮಾತಿಗೆ ದಿನಾ ಸಂಜಿಮುಂದ ಕಟ್ಟಿ ಮ್ಯಾಲೆ ಕುಂತು ದಾರಿ ನೋಡತಿದ್ಲು.

ಅವರಿವರ ಕಾಲು ಹಿಡಿದು ಮಗನ್ನ ಒಂದು ಹಳೇ ಆಫೀಸಿನಾಗ ಸಿಪಾಯಿ ಮಾಡಿಸಿದ್ಲು. ನೆಟ್ಟಗ ದುಡಿದ್ರ ಖಾಯಂ ಅಂದಿದ್ರು. ಆ ಆಫೀಸಿಗೋ, ಹಸಿರು ಕಟ್ಟಡ ಅನ್ನೂ ಸರ್ಟಿಫಿಕೇಟ್ ಬೇಕಾಗಿತ್ತು. ಹಳೇ ಕಟ್ಟಡಕ್ಕೂ ಕೊಡತಾರಂತ. ಆದ್ರ ಒಳಗ ಕುಂತ ಒಬ್ಬೊಬ್ಬರಿಗೂ ಇಂತಿಷ್ಟು ಹೊರಗಿನ ಗಾಳಿ ಸಿಗಬೇಕು. ಒಬ್ಬ ಮೇಡಮ್ಮೋರು ಬಂದು ಯಂತ್ರ ಹಿಡಿದು ಅಳೀತಾರ.

ಮೊದಲನೇ ದಿನ ಆಫೀಸಿನ ದೊಡ್ಡವರು, ಹಂಪಿಹೊಳಿ ಸಾಹೇಬ್ರು, ಅಂದ್ರು, "ಲೇ ಯಮನೂರಿ, ಗಾಳಿ ಬರಲಿ, ಕಿಟಕಿ ಎಲ್ಲಾ ತೆಗಿ!"

ತೆಗೆದ. ಚೌಕಟ್ಟು ಸುದ್ದಾ ಕಿತ್ತು ತೆಗೆದ! ಇಪ್ಪತ್ತೆರಡು ಕಿಟಕಿ ಅಂಗಳದಾಗ ಸಾಲಾಗಿ ಒರಗಿಸಿದ. ಸಾಹೇಬ್ರು ತಲಿ ತಲಿ ಬಡಕೊಂಡು, ಬಡಿಗ್ಯಾರನ್ನ ಕರೆಸಿ ಎಲ್ಲಾ ತಿರುಗಿ ಹಚ್ಚಿಸಿದ್ರು.

ಸಂಜಿಮುಂದ ಅವ್ವ ಬೈದ್ಲು. "ಎಂಥಾ ಹುಚ್ಚಪ್ಪನ್ನ ಹಡೆದ್ನೋ! ತೆಗಿಯೂ ಮೊದಲು ತೆಗೀಲೇನ್ರಿ ಅಂತ ಕೇಳಬೇಕು. ಹೂಂ ಅಂದ್ರ ತೆಗಿ, ಊಂಹೂಂ ಅಂದ್ರ ಬಿಡು!"

"ಹಂಗ ಆಗಲಿ ಯವ್ವಾ."

ಎರಡನೇ ದಿನ ಸಾಹೇಬ್ರು ಅಂದ್ರು, "ಮ್ಯಾಲಿನ ಗವಾಕ್ಷಿಗೆ ಪಾರಿವಾಳ ಗೂಡು ಕಟ್ಟಿ ಗಾಳಿ ತಡದೈತಿ. ಗೂಡು ತೆಗಿ!"

ಯಮನೂರಿ ನಿಚ್ಚಣಿಕಿ ಹತ್ತಿದ. ಕೈ ಮುಗಿದ. "ತೆಗೀಲೇನ್ರಿ?"

"ಊಂಹೂಂ," ಅಂತು ಪಾರಿವಾಳ.

"ಈಗರ ತೆಗೀಲೇನ್ರಿ?"

"ಊಂಹೂಂ, ಊಂಹೂಂ!"

ಸಂಜಿತನಾ ಕೇಳಿದ. ಸಂಜಿತನಾ ಊಂಹೂಂ. ಗೂಡು ಗೂಡಿನಾಗ ಉಳೀತು.

ಹೊಳೆವ್ವ ಸೆರಗಿನಾಗ ಕಣ್ಣು ಒರಸಿಕೊಂಡ್ಲು. "ಹಕ್ಕಿನ್ನ ಕೇಳತಾರೇನೋ ನನ್ನಪ್ಪಾ! ಯಾರನ್ನೂ ಕೇಳಬ್ಯಾಡ. ಸಾಹೇಬ್ರ ಬಾಯಾಗ ಏನು ಬರತೈತೋ ಅಷ್ಟ ಮಾಡು!"

"ಹಂಗ ಆಗಲಿ ಯವ್ವಾ."

ಮೂರನೇ ದಿನ ಮೇಡಮ್ಮೋರು ಬರೂದಿತ್ತು. ಹೊಳೆವ್ವಗ ಮನ್ಯಾಗ ನಿಲ್ಲಾಕ ಆಗಲಿಲ್ಲ. ಆಫೀಸಿನ ಗೇಟಿಗೆ ಬಂದು ಸರಳು ಹಿಡಕೊಂಡು ನಿಂತ್ಲು. ಇವತ್ತರ ಯಾರರ ಆ ಮಾತು ಅಂದಾರು, ಇವತ್ತರ.

ಒಳಗ ಸಾಹೇಬ್ರು ಯಮನೂರಿ ಕಿವ್ಯಾಗ ಅಂದ್ರು, "ಕಿಟಕಿ ಸುದ್ದಿ, ಗೂಡಿನ ಸುದ್ದಿ, ಮೇಡಮ್ಮೋರ ಮುಂದ ಉಸಿರು ಬಿಡಬ್ಯಾಡ!"

ಮೇಡಮ್ಮೋರು ಯಂತ್ರ ಹಿಡಕೊಂಡು ಬಂದ್ರು. "ಏನಪ್ಪಾ, ಇಲ್ಲಿ ಗಾಳಿ ಹೆಂಗೈತಿ?"

ಯಮನೂರಿ ಉಸಿರು ಬಿಡಲಿಲ್ಲ.

"ನಿನ್ನ ಕೇಳಿದ್ದು!"

ಬಿಡಲಿಲ್ಲ. ಗಲ್ಲ ಉಬ್ಬಿತು, ಮುಖ ಕೆಂಪಾತು, ಕಣ್ಣು ಮ್ಯಾಲಾತು, ಧೊಪ್ಪಂತ ಮೆಟ್ಟಿಲ ಮ್ಯಾಲೆ ಕುಂತ.

"ಅಯ್ಯೋ! ಗಾಳಿ ಇಲ್ಲದೇ ಮನಷ್ಯಾ ಬಿದ್ನಲ್ರೀ!" ಅಂದವರ ಮೇಡಮ್ಮೋರು ಕಾಗದದ ಮ್ಯಾಲೆ ಉದ್ದಕ್ಕೊಂದು ಗೀಟು ಹೊಡೆದ್ರು. ಸರ್ಟಿಫಿಕೇಟೂ ಹೋತು, ನೌಕರಿನೂ ಹೋತು.

ಹೊಳೆವ್ವ ಓಡಿ ಬಂದ್ಲು. "ಉಸಿರು ಬಿಡೋ ನನ್ನಪ್ಪಾ! ಬಿಡೋ!"

ಬಿಟ್ಟ. ಭುಸ್ ಅಂತ ಇದ್ದದ್ದೆಲ್ಲಾ ಬಿಟ್ಟ. ಬಿಟ್ಟು ಹಂಗ ಕುಂತುಬಿಟ್ಟ, ಅವ್ವನ ಬಾಯಿ ನೋಡಕೋತ.

"ತಗೊಳ್ಳೋ!"

ತಗೊಂಡ. ಮತ್ತ ಹಿಡಕೊಂಡು ಕುಂತ.

"ಬಿಡು... ತಗೋ... ಬಿಡು... ತಗೋ..."

ಕೈ ಹಿಡಿದು ಎಬ್ಬಿಸಿ, ಅದನ್ನ ಅನಕೋತ ಆಕಿ ಮನಿ ದಾರಿ ಹಿಡಿದ್ಲು. ಪ್ಯಾಟಿ ಮಂದಿ ನಿಂತು ನಕ್ಕರು. ಆಕಿ ಮಾತ್ರ ನಿಲ್ಲಿಸಲಿಲ್ಲ. ನಿಲ್ಲಿಸಿದಳೋ, ಅಂವಾ ನಡು ದಾರ್ಯಾಗ ನಿಂತು, ಗಲ್ಲ ಉಬ್ಬಿಸಿಕೊಂಡು, ಆಕಿ ಮುಖಾನ ನೋಡತಿದ್ದ.