ಹೆಸರು ಕೇಳಿ ಬಾಗಿಲು ತೆರೆದ ಸರ್ವರ್

ನಿಘಂಟು ಬರೆಯುವ ಕಚೇರಿಯೊಂದರಲ್ಲಿ ಆರು ಲ್ಯಾಪ್‌ಟಾಪುಗಳೂ ಅವುಗಳ ಬರಹದ ನಕಲನ್ನು ಕಾಪಾಡುವ ಒಂದು ಸರ್ವರೂ ಇದ್ದವು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದ ಕೂಡಲೇ ಲ್ಯಾಪ್‌ಟಾಪುಗಳು ತಾವಾಗಿಯೇ ಒಂದೊಂದಾಗಿ ತಂತಿಯ ದಾರಿಯಲ್ಲಿ ಪದಗಳ ಗಂಟು ಒಪ್ಪಿಸುತ್ತಿದ್ದವು. ಸರ್ವರ್ ಹೆಸರು ಕೇಳಿ, ಪಾಸ್‌ವರ್ಡ್ ಕೇಳಿ, ಹಳೆಯ ಗಂಟನ್ನು ಅಳಿಸಿ ಹೊಸದನ್ನು ಇಟ್ಟುಕೊಳ್ಳುತ್ತಿತ್ತು. ಹನ್ನೆರಡು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲವೆಂದು ಅದಕ್ಕೆ ಹೆಮ್ಮೆ.

ಒಂದು ಮಧ್ಯಾಹ್ನ ಮೂರನೆಯ ಲ್ಯಾಪ್‌ಟಾಪಿನ ದನಿ ಬೇರೆಯಾಗಿ ಕೇಳಿಸಿತು. ಖಾಲಿ ಕೊಡದೊಳಗಿಂದ ಯಾರೋ ಮಾತಾಡಿದ ಹಾಗಿತ್ತು.

"ಇದು ಅದರ ದನಿಯಲ್ಲ, ಒಳಗೆ ಯಾವುದೋ ವೈರಸ್ ಹೊಕ್ಕಿರಬೇಕು. ತಂದದ್ದನ್ನು ಒಮ್ಮೆ ಬಿಚ್ಚಿ ನೋಡಯ್ಯ," ಎಂದಿತು ಪಕ್ಕದಲ್ಲಿದ್ದ ಯುಪಿಎಸ್.

"ಹೆಸರು ಸರಿಯಿದೆ, ಪಾಸ್‌ವರ್ಡ್ ಸರಿಯಿದೆ. ಬಿಚ್ಚಿ ನೋಡುವುದು ನನ್ನ ಕೆಲಸವಲ್ಲ," ಎಂದು ಸರ್ವರ್ ಗಂಟನ್ನು ಒಳಗಿಟ್ಟುಕೊಂಡಿತು.

ಮರುದಿನ ಎರಡು ಲ್ಯಾಪ್‌ಟಾಪುಗಳು ಅದೇ ದನಿಯಲ್ಲಿ ಮಾತಾಡಿದವು. ವಾರ ಕಳೆಯುವಷ್ಟರಲ್ಲಿ ಆರೂ ಹಾಗೆಯೇ ಮಾತಾಡತೊಡಗಿದವು.

ಸಂಪಾದಕಿ ಚಂದ್ರಮತಿಯವರು ಪರದೆಯ ತುಂಬ ಅರ್ಥವಿಲ್ಲದ ಅಕ್ಷರಗಳನ್ನು ಕಂಡು ಸರ್ವರಿನ ಬಳಿಗೆ ಓಡಿಬಂದರು. "ಪುಣ್ಯಕ್ಕೆ ನೀನಿದ್ದೀಯಪ್ಪ. ನಮ್ಮ ಪದಗಳನ್ನು ವಾಪಸ್ ಕೊಡು."

"ಇಗೋ, ತಗೊಳ್ಳಿ" ಎನ್ನಲು ಸರ್ವರ್ ಬಾಯಿ ತೆರೆಯಿತು. ಹೊರಬಂದದ್ದು ಆ ಖಾಲಿ ಕೊಡದ ದನಿ.